ಗಟ್ಟಿಮಲ್ಲನ ಬೆನ್ನು

ಚಿತ್ರಕಥೆ ಮಾಡಬೇಕೆನ್ನುವ ಹುಡುಗ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನನ್ನು ಹುಡುಕಿಕೊಂಡು ಗೋಕಾಕಕ್ಕೆ ಬರುತ್ತಾರೆ. ನಾನು ನಿವೃತ್ತನಾಗಿ ವರ್ಷಗಳೇ ಆದವು. ಆದರೂ ಯಾರೋ ಅವರಿಗೆ ನನ್ನ ಮನೆ ತೋರಿಸುತ್ತಾರೆ. ಕಳೆದ ತಿಂಗಳು ಮೂಡಲಗಿಯಿಂದ ಸೌಂದರ್ಯಾ ಎಂಬ ಹುಡುಗಿ ಬಂದಿದ್ದಳು. ಅವಳು ಬಳಸುವುದು ಕಾಗದವಲ್ಲ, ಶಾಯಿಯಲ್ಲ, ಒಂದು ಟ್ಯಾಬು. ಅದರ ಮೇಲೆ ಬೆರಳಾಡಿಸಿ ತನ್ನ ನಾಯಕಿಯನ್ನು ತೋರಿಸಿದಳು. ಆ ನಾಯಕಿ ಒಂದು ಪುಟದಲ್ಲಿ ಗುಡ್ಡ ಕೀಳುತ್ತಾಳೆ, ಮುಂದಿನ ಪುಟದಲ್ಲಿ ಅದನ್ನು ಮೋಡದ ಮೇಲೆ ಇಡುತ್ತಾಳೆ. ಗೆರೆ ಚೆನ್ನಾಗಿತ್ತು. ಬಣ್ಣವಂತೂ ನಮ್ಮ ಕಾಲದಲ್ಲಿ ಕನಸಿನಲ್ಲೂ ಬರದಂಥದ್ದು.

"ಕಾಕಾ, ಇಷ್ಟ್ ಶಕ್ತಿ ಸಾಕೇನ್ರಿ? ಇನ್ನೊಂಚೂರ್ ಹಾಕ್ಲ್ಯಾ?" ಎಂದು ಕೇಳಿದಳು. ಸಾರಿಗೆ ಉಪ್ಪು ಸಾಕೇ ಎಂದು ಕೇಳುವ ಧಾಟಿ.

"ಯಾಕವಾ, ಯಾರರ ಕಡಿಮಿ ಆತು ಅಂದ್ರೇನು?"

"ಓದೋರು ಅದನ್ನ ನೋಡ್ತಾರಲ್ರಿ. ಯಾರ ಹೀರೋಗ ಜಾಸ್ತಿ ಶಕ್ತಿ ಐತಿ ಅಂತ ಗ್ರೂಪಿನ್ಯಾಗ ದಿನಾ ಜಗಳಾ."

ಅವಳಿಗೆ ಚಹಾ ಕೊಟ್ಟೆ, ಉತ್ತರ ಕೊಡಲಿಲ್ಲ. ಬರೆದು ಕೊಡುತ್ತೇನೆ ಎಂದೆ. ಆ ಬರಹ ಇದು.

ನಾನು ನನ್ನ ದುಡಿಮೆಯ ಕಾಲದ ಬಹುಪಾಲನ್ನು ಗೋಕಾಕದ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಕಳೆದೆ. ಆ ಪುಟದಲ್ಲಿ ಒಂದು ಚಿತ್ರಕಥೆ ಬರುತ್ತಿತ್ತು, ಅದನ್ನು ಬರೆಯುವವನು ನಾನು. ಬಡ್ತಿಯ ವಿಷಯ ಹೇಳುವುದಕ್ಕೇನೂ ಇಲ್ಲ. ಕಚೇರಿಯಲ್ಲಿ ಇದ್ದದ್ದೇ ಒಬ್ಬ ಚಿತ್ರಗಾರ, ಅವನು ಯಾರನ್ನು ಹಿಂದೆ ಹಾಕಿ ಮೇಲೇರಬೇಕು? ಅದಕ್ಕೆ ಮೊದಲು ನಾನು ಕಬ್ಬಿನ ಟ್ರೇಲರುಗಳ ಹಿಂಬದಿಗೆ ನವಿಲು, ಕಮಲ, ಹದ್ದು ಬರೆಯುತ್ತಿದ್ದೆ. ಪತ್ರಿಕೆಯ ಸಂಪಾದಕರು, ಅಂದರೆ ನಾವೆಲ್ಲ ಸಾಹೇಬರು ಎನ್ನುತ್ತಿದ್ದವರು, ಒಂದು ದಿನ ರಸ್ತೆ ಬದಿಯಲ್ಲಿ ನಿಂತು ನನ್ನ ಹದ್ದನ್ನು ನೋಡಿದರು. "ಹದ್ದ ಹಾರತೈತೋ ಇಲ್ಲೋ ಗೊತ್ತಿಲ್ಲ. ಅದರ ಸಿಟ್ಟ ಮಾತ್ರ ಚಲೋ ಬಂದೈತಿ. ನಾಳಿ ಆಫೀಸಿಗಿ ಬಾ" ಎಂದರು. ನನ್ನ ಸಂದರ್ಶನ ಅಷ್ಟೇ.

ಹೋದ ದಿನವೇ ಹೇಳಿದರು, ಒಬ್ಬ ಬಲಶಾಲಿ ಬೇಕು, ಅವನು ನಮ್ಮ ಕಡೆಯವನಾಗಿರಬೇಕು. ಹಾಗೆ ಹುಟ್ಟಿದವನು ಗಟ್ಟಿಮಲ್ಲ. ಪೈಲವಾನರ ಲಂಗೋಟಿ, ತಲೆಗೆ ರುಮಾಲು, ಚಪ್ಪರದಂಥ ಮೀಸೆ. ಬಾವಿಗೆ ಬಿದ್ದ ಎತ್ತನ್ನು ಎತ್ತುವುದು, ಕಳ್ಳರನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುವುದು ಅವನ ಕೆಲಸ. ಈ ಶಕ್ತಿ ಎಲ್ಲಿಂದ ಬಂತೆಂದು ಓದುಗರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಎಷ್ಟಿದೆ ಎಂದು ಕೇಳದ ವಾರವೂ ಇರಲಿಲ್ಲ. ಹುಕ್ಕೇರಿಯ ಸಂತೆಯಲ್ಲಿ, ಮೂಡಲಗಿಯ ಚಹಾದಂಗಡಿಯಲ್ಲಿ, ಘಟಪ್ರಭಾದ ರೈಲು ನಿಲ್ದಾಣದಲ್ಲಿ ಅದರ ಬಗ್ಗೆ ವಾದ ನಡೆಯುತ್ತಿತ್ತು. ಸೌಂದರ್ಯಾ ಹೇಳಿದ ಗ್ರೂಪು ಆಗಲೂ ಇತ್ತು. ಮೊಬೈಲು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಮೊದಲ ದೊಡ್ಡ ಎಡವಟ್ಟು ಒಂದು ಕಲ್ಲಿನದು. ಗುಂಡುಕಲ್ಲು ಎತ್ತುವ ಪಂದ್ಯದಲ್ಲಿ ಗಟ್ಟಿಮಲ್ಲ ಗೆಲ್ಲಬೇಕಿತ್ತು. ನಾನು ಅವನ ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿಸಿ, ತಲೆಯ ಮೇಲೆ ಕಲ್ಲು ಕೂರಿಸಿ, ಸುತ್ತ ಜನ ರುಮಾಲು ಹಾರಿಸುವಂತೆ ಬರೆದೆ. ಸಾಹೇಬರಿಗೂ ಹಿಡಿಸಿತು. ಪತ್ರಿಕೆ ಹೊರಬಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಹುಕ್ಕೇರಿ ಕಡೆಯಿಂದ ಸುದ್ದಿ ಬಂತು, ಗಟ್ಟಿಮಲ್ಲ ಸೋತನಂತೆ, ಪತ್ರಿಕೆಯವರು ಸುಳ್ಳೇ ಗೆದ್ದ ಎಂದು ಹಾಕಿದ್ದಾರಂತೆ.

ಸುದ್ದಿಯ ಹಿಂದೆಯೇ ಒಬ್ಬ ಮನುಷ್ಯನೂ ಬಂದ. ಬಾಗಿಲು ತುಂಬುವಂಥ ಆಳು. ಹೆಸರು ಭರಮಪ್ಪ, ಹುಕ್ಕೇರಿ ತಾಲೂಕಿನ ಕಣಗಲಾದವನು. ಕಬ್ಬು ಕಡಿಯುವುದು, ಹೇರುವುದು ಅವನ ಕೆಲಸ, ಕಲ್ಲು ಎತ್ತುವುದು ಅವನ ಹೆಮ್ಮೆ. ತಮ್ಮ ಸುತ್ತಿನ ಹಳ್ಳಿಗಳಲ್ಲಿ ತನ್ನ ಸಮ ಯಾರೂ ಇಲ್ಲ ಎಂಬುದನ್ನು ಕುಳಿತುಕೊಳ್ಳುವ ಮೊದಲೇ ಹೇಳಿ ಮುಗಿಸಿದ.

"ಪೇಂಟರ್ರ, ಕಲ್ಲ ತಲಿ ಮ್ಯಾಲ ಇಟ್ಕೊಂಡ್ ಹಂಗ ನಿಂತಾನಲ್ರಿ ಅಂವ. ಹಿಂದ ಒಗದಿಲ್ಲ. ಗೆದ್ದ ಅಂತ ಹೆಂಗ ಹಾಕಿದ್ರಿ?"

"ಎತ್ಯಾನಲ್ರಿ?"

"ಎತ್ತೂದ ಅರ್ಧಾ ಆತ್ರಿ. ಮೊದಲ ತೊಡಿ ಮ್ಯಾಲ ತಗೋಬೇಕು, ಆಮ್ಯಾಲ ಎದಿಗಿ, ಆಮ್ಯಾಲ ಹೆಗಲಿಗಿ. ಹೆಗಲ ಮ್ಯಾಲಿಂದ ಹಿಂದ ಒಗದ್ರ ಗೆದ್ದಂಗ. ಒಗೀಲಿಲ್ಲ ಅಂದ್ರ ಎತ್ತಿಲ್ಲ ಅಂತನ ಲೆಕ್ಕ. ಊರ ಮಂದಿ ನನ್ನ ಕಳಿಸ್ಯಾರ, ಕೇಳ್ಕೊಂಡ್ ಬಾ ಅಂತ."

ನನಗೆ ಅರ್ಥವಾಗಲಿಲ್ಲ ಎಂದುಕೊಂಡನೋ ಏನೋ, ಮೂಲೆಯಲ್ಲಿದ್ದ ಮುದ್ರಣ ಕಾಗದದ ಕಟ್ಟನ್ನು ಅಪ್ಪಿಕೊಂಡ. ತೊಡೆ, ಎದೆ, ಹೆಗಲು. ಬೇಡ ಬೇಡ ಎನ್ನುವಷ್ಟರಲ್ಲಿ ಹಿಂದಕ್ಕೆ ಒಗೆದ. ಕಟ್ಟು ಹೋಗಿ ಶಾಯಿಯ ಡಬ್ಬಿಯ ಮೇಲೆ ಬಿತ್ತು. ಸಾಹೇಬರು ಒಳಗಿನಿಂದ ಓಡಿ ಬಂದರು. ಆ ವಾರದ ಅರ್ಧ ಕಾಗದ ಕಪ್ಪಾಗಿತ್ತು. ಭರಮಪ್ಪ ಮಾತ್ರ ಮೀಸೆ ತಿರುವುತ್ತ, "ಈಗ ತಿಳೀತಲ್ರಿ?" ಎಂದ.

ಮುಂದಿನ ವಾರ ಪಂದ್ಯವನ್ನು ಮತ್ತೆ ನಡೆಸಿದೆವು. ಈ ಸಲ ತೊಡೆಗೊಂದು, ಎದೆಗೊಂದು, ಹೆಗಲಿಗೊಂದು ಚಿತ್ರ, ಕೊನೆಗೆ ಕಲ್ಲು ಹಿಂದೆ ಬಿದ್ದು ಧೂಳೆದ್ದದ್ದು. ಕಲ್ಲು ಮಾತ್ರ ಮೊದಲಿನದಕ್ಕಿಂತ ಸಣ್ಣದಾಯಿತು. ನಾಲ್ಕು ಚಿತ್ರ ಹಿಡಿಯಬೇಕಲ್ಲ, ಜಾಗ ಸಾಲಲಿಲ್ಲ. ಸಣ್ಣ ಕಲ್ಲೆಂದು ಒಬ್ಬನೂ ತಕರಾರು ಮಾಡಲಿಲ್ಲ. ಕಣಗಲಾದಲ್ಲಿ ಗಟ್ಟಿಮಲ್ಲ ಗೆದ್ದ ಎಂದು ಒಪ್ಪಿಕೊಂಡರು. ಸಣ್ಣ ಕಲ್ಲಿನ ಈ ಸಂಗತಿಯನ್ನು ನಾನು ಆಗ ಗಮನಿಸಿದೆ, ಆದರೆ ಅದರಿಂದ ಏನೂ ಕಲಿಯಲಿಲ್ಲ.

ಅಂದಿನಿಂದ ಭರಮಪ್ಪ ಗೋಕಾಕಕ್ಕೆ ಬಂದಾಗಲೆಲ್ಲ ಕಚೇರಿಗೆ ಹಾಜರಿ ಹಾಕತೊಡಗಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಚಿತ್ರ ನೋಡುವುದು ಅವನು, ಮಾತು ಓದಿ ಹೇಳುವುದು ಹೆಂಡತಿ ಶಾಂತವ್ವ. ಹಾಗಾಗಿ ಚಿತ್ರದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಅವನ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. ಹಿತ್ತಲಲ್ಲಿ ನಿಲ್ಲಿಸಿ ಅವನ ಭುಜ, ಬೆನ್ನು ನೋಡಿ ಗಟ್ಟಿಮಲ್ಲನನ್ನು ತಿದ್ದಿದೆ. ಕೆಲವು ತಿಂಗಳಲ್ಲಿ ಗಟ್ಟಿಮಲ್ಲನ ಬೆನ್ನು ಭರಮಪ್ಪನ ಬೆನ್ನೇ ಆಗಿಹೋಯಿತು. ಊರಲ್ಲಿ ಅವನನ್ನು ಗಟ್ಟಿಮಲ್ಲ ಎಂದೇ ಕರೆಯತೊಡಗಿದರಂತೆ. ಅದನ್ನು ಅವನು ನನಗೆ ಹೇಳಿದ್ದು ದೂರಿನ ಧಾಟಿಯಲ್ಲಿ, ಆದರೆ ಮುಖವೆಲ್ಲ ನಗುತ್ತಿತ್ತು.

ಕೆಲಸದ ರೀತಿಯನ್ನೂ ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಗ ದಪ್ಪ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಚಿತ್ರ ಬರೆದು, ಸೋಮವಾರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬೆಳಗಾವಿಗೆ ಕಳಿಸುತ್ತಿದ್ದೆವು. ಅಲ್ಲಿ ಅದನ್ನು ಸತುವಿನ ತಗಡಿನಲ್ಲಿ ಕೊರೆದು, ಮರದ ತುಂಡಿಗೆ ಮೊಳೆ ಹೊಡೆದು ಬ್ಲಾಕು ಮಾಡಿ ಕಳಿಸುತ್ತಿದ್ದರು. ಬ್ಲಾಕು ಬಂದ ಮೇಲೆ ಗಟ್ಟಿಮಲ್ಲನ ಮೂಗು ಸೊಟ್ಟಗಿದ್ದರೆ ಸೊಟ್ಟಗೇ. ತಿದ್ದುವ ಮಾತೇ ಇಲ್ಲ. ಬ್ಲಾಕು ಮಾಡಿಸುವುದು ದುಬಾರಿ ಬಾಬತ್ತು, ಅದಕ್ಕೆ ಸಾಹೇಬರು ಹಳೆಯ ಬ್ಲಾಕುಗಳನ್ನು ಒಂದು ಕಪಾಟಿನಲ್ಲಿ ಕೂಡಿಟ್ಟಿದ್ದರು. ಓಡುವ ಕಳ್ಳ ಬೇಕೆಂದರೆ ಹಳೆಯ ಕಳ್ಳನೇ ಮತ್ತೆ ಓಡುತ್ತಿದ್ದ. ನಮ್ಮ ಪತ್ರಿಕೆಯಲ್ಲಿ ಎಷ್ಟೋ ವರ್ಷ ಒಂದೇ ಎತ್ತು ಬಾವಿಗೆ ಬಿದ್ದಿದೆ.

ಸಾಹೇಬರದು ಒಂದು ಸಿದ್ಧಾಂತವಿತ್ತು. ಗಟ್ಟಿಮಲ್ಲ ಈ ವಾರ ಎತ್ತಿದ್ದಕ್ಕಿಂತ ಮುಂದಿನ ವಾರ ಹೆಚ್ಚಿನದನ್ನು ಎತ್ತಬೇಕು. ಅವರು ಕೆಟ್ಟವರಲ್ಲ, ಬೈದರೂ ಊಟಕ್ಕೆ ಕರೆಯುವ ಮನುಷ್ಯ. ಆದರೆ ಈ ವಿಷಯದಲ್ಲಿ ಅವರ ಮುಂದೆ ಮಾತಿಲ್ಲ. ಹೀಗಾಗಿ ಎತ್ತಿನ ಬದಲು ಆನೆ ಬಂತು, ಆನೆಯ ಬದಲು ಕಬ್ಬು ತುಂಬಿದ ಟ್ರ್ಯಾಕ್ಟರು ಬಂತು. ಘಟಪ್ರಭಾದಲ್ಲಿ ಬರುವ ರೈಲನ್ನು ಎದೆಯೊಡ್ಡಿ ನಿಲ್ಲಿಸಿದ್ದೂ ಆಯಿತು. ಆ ಸಂಚಿಕೆ ಬಂದ ದಿನ ನಾನು ಅದೇ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿದ್ದ ಇಬ್ಬರು ಪತ್ರಿಕೆ ಬಿಡಿಸಿ ನೋಡುತ್ತಿದ್ದರು.

"ರೈಲ್ ನಿಂದ್ರಿಸ್ಯಾನ ನೋಡಪಾ."

"ನಿಂದ್ರಸ್ಲಿ. ಹೋದ ವಾರ ಇಬ್ರು ಕಳ್ಳರು ಹಗ್ಗದಾಗ ಕಟ್ಟಿ ಹಾಕಿದ್ರಲ್ಲ ಇವನ್ನ, ಅದನ್ನ ಹರ್ಕೊಳ್ಳಾಕ ಯಾಕ ಆಗ್ಲಿಲ್ಲ? ರೈಲ್ ಅಂದ್ರ ಹಗ್ಗಕ್ಕಿಂತ ಸಸ್ತಾ ಏನು?"

ಇಬ್ಬರೂ ನಕ್ಕು ಪುಟ ಮಡಿಚಿದರು. ಅದರ ಮೇಲೆ ಬುತ್ತಿ ಬಿಚ್ಚಿ ಊಟಕ್ಕೆ ಕುಳಿತರು. ನನಗೆ ಸಿಟ್ಟು ಬಂತು. ಅವರ ಮೇಲೆ ಬಂತೋ ಸಾಹೇಬರ ಮೇಲೆ ಬಂತೋ ಈಗ ಹೇಳಲಾರೆ. ಅಭಿಮಾನಿಗಳು ಎಂದರೆ ಶಕ್ತಿ ನೋಡಿ ಬಾಯಿಬಿಡುವವರು ಎಂದು ನಮ್ಮ ಕಸುಬಿನವರು ತಿಳಿಯುತ್ತೇವೆ. ಅವರು ಹೋದ ವಾರದ್ದನ್ನು ಮರೆತಿರುವುದಿಲ್ಲ. ನಾವು ಮರೆತಿರುತ್ತೇವೆ.

ಸಾಹೇಬರಿಗೆ ಹೇಳಿದರೆ, "ಹಂಗಾರ ಇನ್ನೂ ದೊಡ್ಡದ ಮಾಡು" ಎಂದರು. ಮಾಡಿದೆ. ಗಟ್ಟಿಮಲ್ಲ ಗೋಕಾಕ ಫಾಲ್ಸಿನ ತುದಿಯಿಂದ ಕೆಳಗಿನ ಬಂಡೆಗಳ ಮೇಲೆ ಬಿದ್ದ. ಮರುಚಿತ್ರದಲ್ಲಿ ಎದ್ದು ನಿಂತು ಮೀಸೆಯ ನೀರು ಒರೆಸಿಕೊಂಡ.

ಆ ಸಂಚಿಕೆ ಬಂದ ಮೇಲೆ ಶಾಂತವ್ವ ಒಬ್ಬಳೇ ಕಚೇರಿಗೆ ಬಂದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಆಳು. ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ನೀರು ಕುಡಿದು ವಿಷಯ ಹೇಳಿದಳು. ಭರಮಪ್ಪ ಕಬ್ಬು ಹೇರುವಾಗ ತುಂಬಿದ ಟ್ರೇಲರಿನ ಮೇಲಿಂದ ಜಾರಿ ಬಿದ್ದಿದ್ದ. ನಡುವಿನ ಎಲುಬಿಗೆ ಪೆಟ್ಟು. ಘಟಪ್ರಭಾದ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡು ಮನೆಗೆ ಕಳಿಸಿದ್ದರು. ಎಲುಬು ಕೂಡಿದೆ, ನರಕ್ಕೆ ಏನೂ ಆಗಿಲ್ಲ, ಇನ್ನು ದಿನಾ ಸ್ವಲ್ಪ ಸ್ವಲ್ಪ ಏಳಿಸಿ ಕೂರಿಸಬೇಕು ಎಂದು ಡಾಕ್ಟರು ಹೇಳಿದ್ದರು.

"ಏಳವಲ್ರು ಅಣ್ಣಾರ. ಕೈ ಹಚ್ಚಿದ್ರ ಬೈತಾರ. ಅವತ್ತ ನಿಮ್ಮ ಪೇಪರ್ ತೋರಿಸಿದ್ನಿ, ಮನಸಿಗಿ ಹಗರ ಆಕೈತಿ ಅಂತ. ಗಟ್ಟಿಮಲ್ಲ ಅಷ್ಟ್ ಎತ್ತರಿಂದ ಬಿದ್ದಾಂವ ಹಂಗ ಎದ್ದ ನಿಂತಾನ. ಅದನ್ನ ನೋಡಿ ಇವ್ರು ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡ್ರು. 'ಎದ್ರ ಇವನಂಗ ಏಳಬೇಕು, ಇಲ್ಲಂದ್ರ ಏಳಬಾರದು' ಅಂತಾರ. ಹಿಂಗ ಮಕ್ಕೊಂಡಿದ್ರ ಕಾಲಿನ್ಯಾಗಿನ ಕಸುವು ಪೂರಾ ಹೋಗತೈತಿ ಅಂದಾರ್ರಿ ಡಾಕ್ಟರು. ಆಮ್ಯಾಲ ಏಳ್ತೇನಿ ಅಂದ್ರೂ ಆಗಂಗಿಲ್ಲಂತ."

ಅವಳು ನನ್ನನ್ನು ಬೈಯಲಿಲ್ಲ, ಏನನ್ನೂ ಬೇಡಲಿಲ್ಲ. ಸಂಕಟವನ್ನು ಒಂದು ಕಡೆ ಹೇಳಿಕೊಳ್ಳಬೇಕಿತ್ತು, ಹೇಳಿ ಮರುಬಸ್ಸಿಗೆ ಹೋದಳು. ನನಗೆ ಅಂದು ಬರೆಯಲು ಕೈ ಬರಲಿಲ್ಲ. ಎದುರಿಗೆ ಗಟ್ಟಿಮಲ್ಲನ ಬೆನ್ನಿನ ಹತ್ತಾರು ಬ್ಲಾಕುಗಳಿದ್ದವು, ಎಲ್ಲವೂ ಆ ಮನುಷ್ಯನ ಬೆನ್ನೇ.

ಮರುದಿನ ಸಾಹೇಬರಿಗೆ ಹೇಳಿದೆ, ಗಟ್ಟಿಮಲ್ಲನಿಗೆ ಫಾಲ್ಸಿನಿಂದ ಬಿದ್ದದ್ದರಲ್ಲಿ ಬೆನ್ನಿಗೆ ಪೆಟ್ಟಾಗಿತ್ತು, ಎದ್ದು ನಿಂತವನು ಮರಳಿ ಕುಸಿದ, ಇನ್ನು ಕೆಲವು ವಾರ ಮಲಗಿರುತ್ತಾನೆ ಎಂದು.

"ನಿನಗೇನ್ ತಲಿ ಕೆಟ್ಟೈತೇನೋ ಮಾರುತಿ? ಹಾಸಿಗಿ ಹಿಡದ ಹೀರೋನ್ನ ಯಾರ್ ನೋಡ್ತಾರ?"

"ರೈಲ್ ನಿಂದ್ರಿಸಿದಾಂವನ್ನೂ ಯಾರೂ ನೋಡಾಕತ್ತಿಲ್ರಿ ಸಾಹೇಬ್ರ. ಅವನ ಮ್ಯಾಲ ರೊಟ್ಟಿ ಇಟ್ಕೊಂಡ್ ತಿನ್ನಾಕತ್ತಾರ."

ಸಾಹೇಬರು ಬಹಳ ಹೊತ್ತು ಪೆನ್ನು ಕುಟ್ಟಿದರು. ಕೊನೆಗೆ ಒಪ್ಪಿದರು. ಒಪ್ಪಿದ್ದಕ್ಕೆ ಕಾರಣ ನನ್ನ ಮಾತಲ್ಲ. ಮಲಗಿದವನಿಗೆ ಒಂದೇ ಬ್ಲಾಕು ಸಾಕಲ್ಲ ಎಂಬುದು ಅವರಿಗೆ ಹೊಳೆದಿತ್ತು. ಹೊರಸಿನ ಮೇಲೆ ಬಲಮಗ್ಗುಲಾಗಿ ಮಲಗಿದ ಗಟ್ಟಿಮಲ್ಲನ ಒಂದು ದೊಡ್ಡ ಚಿತ್ರ ಮಾಡಿಸಿದೆವು. ವಾರ ವಾರ ಅದೇ ಬ್ಲಾಕು, ಕೆಳಗಿನ ಮಾತು ಮಾತ್ರ ಬೇರೆ.

ಸೋಲುವವನನ್ನು ಬೈಯುವುದು ಹೇಗೆಂದು ನಮ್ಮ ಸುತ್ತಿನ ತಾಲೂಕುಗಳ ಜನಕ್ಕೆ ಚೆನ್ನಾಗಿ ಗೊತ್ತು. ಮೊದಲ ವಾರ ಬೈದರು. ಮೂಡಲಗಿಯ ಒಂದು ಚಹಾದಂಗಡಿಯವನು ಇವನು ಏಳುವ ತನಕ ನಿಮ್ಮ ಪತ್ರಿಕೆ ಬೇಡ ಎಂದು ಹೇಳಿ ಕಳಿಸಿದ. ಎರಡನೆಯ ವಾರದಿಂದ ಮದ್ದು ಬರತೊಡಗಿತು. ಯಾರೋ ಎಣ್ಣೆ ತಂದರು. ಯಾರೋ ಎಲುಬು ಕೂರಿಸುವವರ ಮನೆಯ ದಾರಿ ಹೇಳಿದರು. ಮೂಡಲಗಿಯ ಒಬ್ಬ ಅಜ್ಜಿ ಗಟ್ಟಿಮಲ್ಲನ ಬೆನ್ನಿಗೆಂದು ಒಂದು ಡಬ್ಬಿ ಅಂಟಿನುಂಡೆ ಕಳಿಸಿಕೊಟ್ಟಳು. ಬಾಣಂತಿಯರಿಗೆ ನಡು ಗಟ್ಟಿಯಾಗಲೆಂದು ಕೊಡುವ ಉಂಡೆ. ಅಜ್ಜಿಗೆ ಇವನು ಕಾಗದದ ಮನುಷ್ಯ ಎಂದು ತಿಳಿಯದೆ ಏನಿಲ್ಲ. ತಿಳಿದೇ ಕಳಿಸಿದ್ದಳು. ಸಾಹೇಬರು ಎರಡು ತಿಂದು, "ಮಲಗಿದಾಂವಗ ಇಷ್ಟ ಮರ್ಯಾದಿ ಇರತೈತಿ ಅಂತ ಗೊತ್ತಿದ್ರ ಮೊದಲ ಬೀಳಸ್ತಿದ್ವಿ" ಎಂದರು. ಉಳಿದ ಡಬ್ಬಿಯನ್ನು ನಾನು ಎತ್ತಿಕೊಂಡು ಕಣಗಲಾದ ಬಸ್ಸು ಹತ್ತಿದೆ.

ಬಾಗಿಲಲ್ಲಿ ಶಾಂತವ್ವ ಎದುರಾದಳು. ಬರ್ರಿ ಎಂದವಳೇ ನನ್ನನ್ನು ಅಲ್ಲಿಯೇ ನಿಲ್ಲಿಸಿದಳು.

"ಅಣ್ಣಾರ, ಗಟ್ಟಿಮಲ್ಲನ್ನ ನೋಡ್ಕೊಳ್ಳಾವ್ರು ಯಾರೂ ಇಲ್ಲೇನ್ರಿ?"

"ಯಾಕ್ರಿ ಅಕ್ಕಾರ?"

"ಬಿದ್ದಾಗಿಂದ ಒಂದ ಮಗ್ಗಲಾ ಮಕ್ಕೊಂಡಾನ. ಯಾರೂ ಹೊರಳಿಸೇ ಇಲ್ಲ. ಹಂಗ ಬಿಟ್ರ ಬೆನ್ನಿಗಿ ಹುಣ್ಣ ಬೀಳ್ತಾವ್ರಿ. ನಾ ಇವ್ರನ್ನ ದಿನಾ ಹೊರಳಿಸಿ ಹೊರಳಿಸಿ ಎಣ್ಣಿ ಹಚ್ತೇನಿ. ಅವನ ಮಗ್ಗಲಾ ಬದ್ಲಿ ಮಾಡ್ರಿ."

ಬ್ಲಾಕಿನ ವಿಷಯ ಅವಳಿಗೆ ಹೇಗೆ ಹೇಳುವುದು? ಮಾಡುತ್ತೇನೆ ಎಂದೆ. ನನ್ನ ಕಸುಬಿನ ಬಗ್ಗೆ ನಾನು ಕೇಳಿದ ಅತ್ಯಂತ ಗಂಭೀರವಾದ ಮಾತು ಅದು. ಇವತ್ತು ಮಗ್ಗುಲು ಬದಲಿಸುವುದು ಟ್ಯಾಬಿನ ಮೇಲೆ ಒಂದು ಬಟನ್ನು. ಆದರೂ ಸೌಂದರ್ಯಾಳಂಥವರಿಗೆ ಹೇಳುತ್ತೇನೆ, ಆ ಬಟನ್ನು ಒತ್ತಬೇಕೆಂದು ನಿಮಗೆ ನೆನಪಾಗಬೇಕು.

ಒಳಗೆ ಭರಮಪ್ಪ ಹೊರಸಿನ ಮೇಲಿದ್ದ. ಮೈ ಇಳಿದಿತ್ತು, ಮೀಸೆ ಬೆಳೆದಿತ್ತು. ಗೋಡೆಯ ಕಡೆಗಿದ್ದ ಮುಖವನ್ನು ತಿರುಗಿಸದೆ, "ಅಂವ ಎದ್ದಾನೇನು?" ಎಂದು ಕೇಳಿದ. ಪತ್ರಿಕೆ ನೋಡುವುದನ್ನು ಅವನು ಮತ್ತೆ ಶುರುಮಾಡಿದ್ದ ಎಂದು ನನಗೆ ಗೊತ್ತಾದದ್ದು ಆಗ.

"ಇಲ್ಲ" ಎಂದೆ. ಡಬ್ಬಿ ತೆಗೆದು ಉಂಡೆ ಕೊಟ್ಟೆ. "ಮೂಡಲಗ್ಯಾಗಿನ ಅಜ್ಜಿ ಮಾಡಿದ್ದು. ಗಟ್ಟಿಮಲ್ಲನ ಬೆನ್ನಿಗಿ ಅಂತ ಕಳಿಸ್ಯಾಳ."

ಮುಖ ಈ ಕಡೆ ಬಂತು. ಉಂಡೆ ಬಾಯಿಗೆ ಹೋಯಿತು. ನಿಧಾನವಾಗಿ ಅಗಿದು, "ಬೆಲ್ಲಾ ಕಡಿಮಿ ಹಾಕ್ಯಾಳ" ಎಂದ. ಎಂದು ಇನ್ನೊಂದಕ್ಕೆ ಕೈ ಚಾಚಿದ.

ನಾನು ಅಲ್ಲಿಗೆ ಹೋದದ್ದನ್ನು ದೊಡ್ಡ ಉಪಕಾರವೆಂದು ಯಾರೂ ತಿಳಿಯಬಾರದು. ಅವನ ಮೇಲೆ ನನಗೆ ಮನಸ್ಸಿತ್ತು, ನಿಜ. ಆದರೆ ಸೋಮವಾರದ ಬಸ್ಸೂ ತಲೆಯಲ್ಲಿತ್ತು. ಸಾಹೇಬರು ಇನ್ನು ಅವನನ್ನು ಏಳಿಸು ಎಂದು ಹಟ ಹಿಡಿದಿದ್ದರು. ಬೆನ್ನು ಮುರಿದ ದೊಡ್ಡ ಆಳು ಹಾಸಿಗೆಯಿಂದ ಹೇಗೆ ಏಳುತ್ತಾನೆ ಎಂಬುದನ್ನು ನಾನು ಕಂಡಿರಲಿಲ್ಲ. ಕಾಣದ್ದನ್ನು ಬರೆದು ಒಮ್ಮೆ ಕಲ್ಲಿನ ವಿಷಯದಲ್ಲಿ ಮಂಗನಾಗಿದ್ದೆ.

"ಭರಮಣ್ಣ, ಅಂವ ಹೆಂಗ ಏಳಬೇಕು?"

"ನನ್ನೇನ್ ಕೇಳ್ತಿ? ನೀ ಬರದಂಗ ಏಳ್ತಾನ. ಫಾಲ್ಸಿನ್ಯಾಗ ಎದ್ದಿದ್ನಲ್ಲ, ಪುಸಕ್ನ."

"ಅದು ಸುಳ್ಳ ಆತು. ಕಲ್ಲ ಎತ್ತೂದನ್ನ ನೀನ ತೋರಿಸಿದಿ. ಇದನ್ನ ಯಾರನ್ನ ಕೇಳ್ಲಿ?"

ಅವನು ನನ್ನನ್ನು ನೋಡಿದ, ಶಾಂತವ್ವನನ್ನು ನೋಡಿದ. ಬಾಯಿಗೆ ಬಂದಂತೆ ಬೈದ. ನನ್ನ ವಂಶವನ್ನೂ ಪತ್ರಿಕೆಯನ್ನೂ ಬಿಡಲಿಲ್ಲ. ಬೈದು ಮುಗಿಸಿ, "ಪೆನ್ಸಿಲ್ ತಗಿ" ಎಂದ.

ಮೊದಲು ಹೊರಳಿದ. ಹೊರಳುವುದಕ್ಕೇ ಅವನಿಗೆ ಹಣೆಯ ಮೇಲೆ ಬೆವರು ಬಂತು. ಎರಡೂ ಕಾಲುಗಳನ್ನು ಹೊರಸಿನ ಅಂಚಿನಿಂದ ಕೆಳಕ್ಕೆ ಬಿಟ್ಟ. ಮೊಣಕೈ ಊರಿದ. ಶಾಂತವ್ವ ಕೈ ನೀಡಿದರೆ ಬೇಡವೆಂದ. ಮೈ ಅರ್ಧ ಮೇಲೆದ್ದಿತು, ಮೊಣಕೈ ನಡುಗಿತು, ಧಪ್ಪನೆ ಹಿಂದಕ್ಕೆ ಬಿದ್ದ. ಕಣ್ಣು ಮುಚ್ಚಿಕೊಂಡು ಏದುಸಿರು ಬಿಡುತ್ತ, "ಇದನ್ನೂ ಬರದ್ಯೇನು?" ಎಂದ.

"ಬರದ್ನಿ."

"ಬಿದ್ದದ್ದನ್ನೂ?"

"ಅದನ್ನೂ ಬರದ್ನಿ."

ಅದೇ ಆ ವಾರ ಅಚ್ಚಾಯಿತು. ಗಟ್ಟಿಮಲ್ಲ ಮೊಣಕೈ ಊರಿ ಏಳಲು ನೋಡಿದ, ಬಿದ್ದ. ಸಾಹೇಬರು ತಲೆ ಚಚ್ಚಿಕೊಂಡರು. ಆದರೆ ಪತ್ರಿಕೆ ಬಂದ ದಿನ ಜನ ಕಚೇರಿಯ ಮೆಟ್ಟಿಲ ತನಕ ಬಂದು, "ಎದ್ದನೇನ್ರಿ?" ಎಂದು ಕೇಳಿಹೋಗತೊಡಗಿದರು. ಮೂಡಲಗಿಯ ಚಹಾದಂಗಡಿಯವನು ಪತ್ರಿಕೆ ಮತ್ತೆ ಕಳಿಸಿರಿ ಎಂದ. ಮುಂದೆ ಪ್ರತಿ ವಾರ ನಾನು ಕಣಗಲಾಕ್ಕೆ ಹೋದೆ. ಭರಮಪ್ಪನಿಗೆ ಆಗದ್ದನ್ನು ಗಟ್ಟಿಮಲ್ಲನಿಂದ ಮಾಡಿಸಲಿಲ್ಲ. ಅವನು ಗೋಡೆಗೊರಗಿ ಕುಳಿತ ವಾರ ಇವನೂ ಕುಳಿತ. ಅವನು ಜ್ವರ ಬಂದು ಮಲಗಿದ ವಾರ ಇವನೂ ಮಲಗಿದ. ಪ್ರತಿ ವಾರ ಹೊಸ ಬ್ಲಾಕು, ಆದರೂ ಸಾಹೇಬರು ಗೊಣಗುವುದನ್ನು ನಿಲ್ಲಿಸಿಬಿಟ್ಟಿದ್ದರು. ಅವರೇ ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಏನಾತೋ ನಿನ್ನೆ?" ಎಂದು ಕೇಳುತ್ತಿದ್ದರು. ಯಾರ ಬಗ್ಗೆ ಕೇಳುತ್ತಿದ್ದಾರೆ, ಗಟ್ಟಿಮಲ್ಲನ ಬಗ್ಗೆಯೋ ಭರಮಪ್ಪನ ಬಗ್ಗೆಯೋ, ನಾನು ವಿಚಾರಿಸಲಿಲ್ಲ. ಓದುಗರಿಗೆ ಭರಮಪ್ಪ ಗೊತ್ತೇ ಇರಲಿಲ್ಲ. ಸುತ್ತಿನ ತಾಲೂಕುಗಳೆಲ್ಲ ಅವನಿಗಾಗಿ ಕಾಯುತ್ತಿದ್ದವು.

ಒಂದು ಭಾನುವಾರ ನಾನು ಹೋದಾಗ ಅವನು ಹೊರಸಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ತಲೆಗೆ ರುಮಾಲು ಸುತ್ತಿದ್ದ. ಅದನ್ನು ನೋಡಿಯೇ ಇವತ್ತು ಏನೋ ಇದೆ ಎನ್ನಿಸಿತು.

"ಕುಂದ್ರು. ಪೆನ್ಸಿಲ್ ಹಿಡಿ" ಎಂದ.

ಶಾಂತವ್ವ ಪಕ್ಕಕ್ಕೆ ಬಂದು ನಿಂತಳು. ಅವನು ಒಂದು ಕೈಯನ್ನು ಅವಳ ಹೆಗಲ ಮೇಲಿಟ್ಟ, ಇನ್ನೊಂದನ್ನು ಮೊಣಕಾಲ ಮೇಲೆ ಊರಿದ. ಉಸಿರು ಹಿಡಿದ. ಕಲ್ಲಿನ ಮುಂದೆ ನಿಂತಾಗ ಹಿಡಿಯುವಂಥದ್ದೇ ಉಸಿರು. ಹೊರಸು ಕಿರುಗುಟ್ಟಿತು. ತೊಡೆಗಳು ನಡುಗಿದವು. ಎದ್ದ. ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ಎದ್ದ. ಶಾಂತವ್ವನ ಹೆಗಲಿನಿಂದ ಕೈ ತೆಗೆದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು, ಸರಿ, ಮುಗಿಯಿತು ಎಂದುಕೊಂಡೆ.

ಅವನಿಗೆ ಮುಗಿದಿರಲಿಲ್ಲ. "ತಲಿದಿಂಬ ಕೊಡ" ಎಂದು ಹೆಂಡತಿಗೆ ಹೇಳಿದ.

"ಯಾಕ್ರೀ? ಮಕ್ಕೋತೀರೇನು?"

"ಕೊಡ ಅಂದ್ರ ಕೊಡ."

ಕೊಟ್ಟಳು. ಹಳೆಯ ಹತ್ತಿಯ ದಿಂಬು. ಅದನ್ನು ಎರಡೂ ಕೈಯಿಂದ ಅಪ್ಪಿ ತೊಡೆಯ ಮೇಲೆ ತಂದ. ನಿಂತ. ಎದೆಗೆ ತಂದ. ಮತ್ತೆ ನಿಂತ, ಕಾಲು ಅಲುಗಿತು, ಶಾಂತವ್ವ ಮುಂದೆ ಬಂದಳು, ಕಣ್ಣಿನಲ್ಲೇ ಅವಳನ್ನು ತಡೆದ. ಹೆಗಲಿಗೆ ಏರಿಸಿದ. ಹಿಂದಕ್ಕೆ ಒಗೆದ. ದಿಂಬು ಹೋಗಿ ಗೋಡೆಯ ಗೂಡಿನಲ್ಲಿದ್ದ ತಂಬಿಗೆಗೆ ಬಡಿದು, ತಂಬಿಗೆ ಉರುಳಿ, ನೀರು ಮನೆಯೆಲ್ಲ ಹರಿಯಿತು.

ಭರಮಪ್ಪ ಮೀಸೆ ತಿರುವಿದ. "ಬರದ್ಯೇನು?"

ಬರೆದಿರಲಿಲ್ಲ. ಪೆನ್ಸಿಲು ಎಲ್ಲಿ ಬಿದ್ದಿತ್ತೋ ನನಗೆ ತಿಳಿದಿರಲಿಲ್ಲ. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇಕೆ? ಕೆಳಗೆ ಕುಳಿತು ನೀರು ಒರೆಸುತ್ತಿದ್ದ ಶಾಂತವ್ವ ಪೆನ್ಸಿಲನ್ನು ಹುಡುಕಿ ನನ್ನ ಕೈಗೆ ಕೊಟ್ಟಳು. "ಇನ್ನೊಮ್ಮಿ ಒಗೀರಿ, ಪಾಪ, ಅಣ್ಣಾರ ನೋಡಿಲ್ಲ" ಎಂದಳು. ನಕ್ಕು ನಕ್ಕು ಅತ್ತಳು.

ಸೋಮವಾರ ಚಿತ್ರವನ್ನು ಸಾಹೇಬರ ಮುಂದಿಟ್ಟೆ.

"ತಲಿದಿಂಬಾ ಇದು?"

"ಹೌದ್ರಿ."

"ರೈಲ್ ನಿಂದ್ರಿಸಿದಾಂವ ತಲಿದಿಂಬ ಎತ್ತಿದ್ದಕ್ಕ ಒಂದ ಪುಟಾ ಪೂರ್ತಿ ಕೊಡೂದೇನೋ?"

"ಕೊಡ್ರಿ ಸಾಹೇಬ್ರ."

ಮತ್ತೆ ನೋಡಿದರು. "ಹಾಕು" ಎಂದು ಒಳಗೆ ಹೋದರು.

ಆ ಸಂಚಿಕೆ ಬಂದ ದಿನ ನಾನು ಹುಕ್ಕೇರಿಯ ಬಸ್ ನಿಲ್ದಾಣದಲ್ಲಿದ್ದೆ. ಸಂತೆಯ ದಿನ. ಕಟ್ಟೆಯ ಮೇಲೆ ಐದಾರು ಮಂದಿ ಒಂದೇ ಪತ್ರಿಕೆಯ ಸುತ್ತ ಬಾಗಿದ್ದರು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ, ಗಟ್ಟಿಮಲ್ಲನ ಬೆನ್ನು ಯಾರದೆಂದೂ ಗೊತ್ತಿಲ್ಲ. ಒಂದು ಕಾಲಕ್ಕೆ ತಲೆಯ ಮೇಲೆ ಬಂಡೆ ಹೊತ್ತು ನಿಂತವನನ್ನು ಸೋತ ಎಂದು ತೀರ್ಪು ಕೊಟ್ಟ ಊರುಗಳ ಜನ. ಒಬ್ಬ ಮುದುಕ, ಒಂದು ಕಾಲದಲ್ಲಿ ತಾನೂ ಕಲ್ಲು ಎತ್ತಿದವನಿರಬೇಕು, ಅಗಲವಾದ ಭುಜ, ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಚಿತ್ರಗಳ ಮೇಲೆ ಬೆರಳಿಟ್ಟು ನೋಡುತ್ತ ಹೋದ. ತೊಡೆ. ಎದೆ. ಹೆಗಲು. ಕೊನೆಯ ಚಿತ್ರದ ಮೇಲೆ ಬೆರಳು ನಿಂತಿತು.

"ಹಿಂದ ಒಗದಾನಪಾ" ಎಂದು ಪತ್ರಿಕೆಯನ್ನು ಪಕ್ಕದವನಿಗೆ ದಾಟಿಸಿದ. "ಗೆದ್ದ."